ಗೋಬಿ ಬಣ್ಣಕ್ಕೆ ಗಲಾಟೆ ಮಾಡಿದ ನಾವು, ತಲೆಗೆ ಹಚ್ಚುವ ಬಣ್ಣದ ಬಗ್ಗೆ ಯಾಕೆ ಸುಮ್ಮನಿದ್ದೇವೆ?

ಚಿಕ್ಕಪ್ಪನ ಮಗಳ ಮದುವೆಗೆ ಎರಡು ದಿನ ಇತ್ತು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದ್ರು. 'ಕಣ್ಣು ಬಿಡೋಕೇ ಆಗ್ತಿಲ್ಲ ಕಣೆ, ಮುಖ ಎಲ್ಲಾ ಊದಿಕೊಂಡಿದೆ' ಅಂದ್ರು. ವಿಡಿಯೋ ಕಾಲ್‌ನಲ್ಲಿ ನೋಡಿದ್ರೆ ನನಗೇ ಅಮ್ಮನ ಗುರುತು ಹತ್ತಲಿಲ್ಲ. ಹಣೆಯ ಅಂಚು, ಕಿವಿಯ ಹಿಂದೆ, ಕುತ್ತಿಗೆ ಎಲ್ಲಾ ಕೆಂಪು. ಅಲ್ಲಲ್ಲಿ ನೀರುಗುಳ್ಳೆ.

ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: 'ತಲೆಗೆ ಏನಾದ್ರೂ ಹಚ್ಚಿದ್ರಾ ಅಮ್ಮ?' ಅಮ್ಮ ಹೇಳಿದ್ದು: 'ಇಲ್ಲ ಸಾರ್, ಡೈ ಗಿಯ್ ಏನೂ ಹಚ್ಚಲ್ಲ. ಬರೀ ಮೆಹೆಂದಿ. ಕಪ್ಪು ಮೆಹೆಂದಿ.' ಡಾಕ್ಟರು ನಕ್ಕು, ಪ್ಯಾಕೆಟ್ ತರಿಸಿ ಅಂದ್ರು. ಮುಂಭಾಗದಲ್ಲಿ ಹಸಿರು ಎಲೆಗಳ ಚಿತ್ರ. ಹಿಂಭಾಗದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರದಲ್ಲಿ, ಒಂದು ಹೆಸರು: ಪ್ಯಾರಾ-ಫಿನೈಲಿನ್‌ಡೈಅಮೈನ್. ಅದರ ಕೆಳಗೆ ಎಚ್ಚರಿಕೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಒಂದಕ್ಷರವೂ ಇಲ್ಲ. ನಮ್ಮಮ್ಮ ಏಳನೇ ಕ್ಲಾಸು, ಕನ್ನಡ ಮೀಡಿಯಂ. ಆರು ವರ್ಷದಿಂದ ಅದೇ ಪ್ಯಾಕೆಟ್ ಹಚ್ತಾ ಇದ್ರು.

ಅಮ್ಮ ಹತ್ತು ದಿನದಲ್ಲಿ ಹುಷಾರಾದ್ರು, ಮದುವೆ ಮಾತ್ರ ತಪ್ಪಿತು. ಆದರೆ ಆ ಪ್ಯಾಕೆಟ್ ನನ್ನ ಮೇಜಿನ ಮೇಲೇ ಉಳಿಯಿತು. ಆಮೇಲೆ ನಾನು ಕಾಸ್ಮೆಟಿಕ್ಸ್‌ನಲ್ಲಿ ಬಳಸುವ ಬಣ್ಣಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಹೋದೆ. ಹೆದರಿಸೋಕೆ ಇದನ್ನ ಬರೀತಿಲ್ಲ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಯಾರನ್ನ ಪ್ರಶ್ನೆ ಕೇಳಬೇಕು ಅಂತ ತಿಳಿದುಕೊಳ್ಳೋಕೆ ಬರೀತಿದ್ದೀನಿ.

ಡಾಂಬರಿನಿಂದ ಬಂದ ಬಣ್ಣ

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಗೆ ಕ್ವಿನೈನ್ ಮಾಡೋಕೆ ಹೋಗಿ, ಅಕಸ್ಮಾತ್ತಾಗಿ ನೇರಳೆ ಬಣ್ಣ ಕಂಡುಹಿಡಿದ. ಅವನು ಬಳಸಿದ ಕಚ್ಚಾವಸ್ತು ಕಲ್ಲಿದ್ದಲ ಡಾಂಬರಿನಿಂದ ಬಂದದ್ದು. ಮುಂದಿನ ಕೆಲವೇ ದಶಕಗಳಲ್ಲಿ ಇಂಥ ನೂರಾರು ಬಣ್ಣಗಳು ಬಂದವು. ಅಗ್ಗ, ಗಾಢ, ಬೇಗ ಮಾಸುವುದಿಲ್ಲ. ಬಟ್ಟೆಗೆಂದು ಹುಟ್ಟಿದ ಬಣ್ಣ ಸಿಹಿತಿಂಡಿಗೆ ಹೋಯಿತು, ಅಲ್ಲಿಂದ ತುಟಿಗೆ, ಕೆನ್ನೆಗೆ, ತಲೆಗೂದಲಿಗೆ ಬಂತು. ಇವತ್ತು ಈ ಬಣ್ಣಗಳನ್ನ ಹೆಚ್ಚಾಗಿ ಪೆಟ್ರೋಲಿಯಂನಿಂದ ಮಾಡ್ತಾರೆ. ಆದರೂ ಅಮೆರಿಕದ ಕಾನೂನಿನಲ್ಲಿ 'ಕೋಲ್ ಟಾರ್' ಬಣ್ಣ ಅನ್ನೋ ಹಳೇ ಹೆಸರು ಇನ್ನೂ ಉಳಿದಿದೆ.

ಲಿಪ್‌ಸ್ಟಿಕ್, ನೇಲ್ ಪಾಲಿಶ್‌ನಲ್ಲಿ ಇರೋದು ಬಹುಪಾಲು 'ಲೇಕ್' ಅನ್ನೋ ರೂಪದ ಬಣ್ಣ. ಬಣ್ಣದ ಅಣುವನ್ನ ಅಲ್ಯೂಮಿನಿಯಂ, ಕ್ಯಾಲ್ಸಿಯಂನಂಥ ಲೋಹಕ್ಕೆ ಕಟ್ಟಿಹಾಕಿದಾಗ ಅದು ನೀರಲ್ಲಿ ಕರಗೋದಿಲ್ಲ. ಮೇಲೆ ಪದರವಾಗಿ ಕೂರುತ್ತೆ, ತೊಳೆದರೆ ಹೋಗುತ್ತೆ. ಚರ್ಮದೊಳಗೆ ಇಳಿಯೋದು ಕಡಿಮೆ. ಅನುಮತಿ ಇರುವ, ಶುದ್ಧವಾಗಿ ತಯಾರಾದ ಇಂಥ ಬಣ್ಣದಿಂದ ಹೆಚ್ಚಿನವರಿಗೆ ತೊಂದರೆ ಆಗೋದಿಲ್ಲ. ಇದನ್ನ ಮೊದಲೇ ಒಪ್ಪಿಕೊಳ್ಳಬೇಕು.

ಪರ್ಮನೆಂಟ್ ಹೇರ್ ಡೈ ಕತೆ ಬೇರೆ. ಅಲ್ಲಿ ಬಣ್ಣ ಡಬ್ಬಿಯೊಳಗೆ ಇರೋದೇ ಇಲ್ಲ, ನಿಮ್ಮ ತಲೆಯ ಮೇಲೆ ತಯಾರಾಗುತ್ತೆ. ಪ್ಯಾರಾ-ಫಿನೈಲಿನ್‌ಡೈಅಮೈನ್, ಅಂದ್ರೆ ಪಿಪಿಡಿ, ಬಹಳ ಚಿಕ್ಕ ಅಣು. ಅದು ಕೂದಲಿನ ಹೊರಪದರ ದಾಟಿ ಒಳಗೆ ಹೋಗುತ್ತೆ. ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಆಕ್ಸಿಡೈಸರ್ ಜೊತೆ ಸೇರಿ, ಇನ್ನೊಂದೆರಡು ರಾಸಾಯನಿಕಗಳನ್ನ ಹಿಡಿದುಕೊಂಡು, ದೊಡ್ಡ ಕಪ್ಪು ಅಣುವಾಗಿ ಬದಲಾಗುತ್ತೆ. ದೊಡ್ಡದಾದ ಮೇಲೆ ಹೊರಗೆ ಬರೋಕಾಗಲ್ಲ. ಅದಕ್ಕೇ ಬಣ್ಣ ವಾರಗಟ್ಟಲೆ ನಿಲ್ಲುತ್ತೆ. ಪುಡಿಯಲ್ಲಿ ಬರುವ ಡೈಗಳಲ್ಲಿ ಆಕ್ಸಿಡೈಸರ್ ಮೊದಲೇ ಬೆರೆತಿರುತ್ತೆ, ನೀರು ಕಲಸಿದರೆ ಕೆಲಸ ಶುರು.

ಕೂದಲೊಳಗೆ ನುಗ್ಗುವ ಅಣು ನೆತ್ತಿಯ ಚರ್ಮದೊಳಗೂ ನುಗ್ಗುತ್ತೆ. ಸಮಸ್ಯೆ ಅಲ್ಲೇ ಇರೋದು.

'ಆರು ವರ್ಷದಿಂದ ಏನೂ ಆಗಿರಲಿಲ್ವಲ್ಲ?'

ಅಮ್ಮ ಕೇಳಿದ್ದು ಇದೇ ಪ್ರಶ್ನೆ. ಪಿಪಿಡಿ ಅಲರ್ಜಿ ಮೊದಲ ಸಲವೇ ಕಾಣಿಸಿಕೊಳ್ಳಬೇಕು ಅಂತೇನಿಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆ ಆ ವಸ್ತುವನ್ನ ಯಾವಾಗಲೋ ಒಮ್ಮೆ ಶತ್ರು ಅಂತ ಗುರುತು ಹಾಕಿಕೊಳ್ಳುತ್ತೆ. ಅದು ಎರಡನೇ ಸಲ ಆಗಬಹುದು, ಐವತ್ತನೇ ಸಲ ಆಗಬಹುದು. ಒಮ್ಮೆ ಗುರುತು ಹಾಕಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯೋದಿಲ್ಲ. ಆಮೇಲೆ ಹಚ್ಚಿದ ಪ್ರತಿ ಸಲವೂ ಒಂದರಿಂದ ಮೂರು ದಿನದೊಳಗೆ ಊತ, ತುರಿಕೆ, ಗುಳ್ಳೆ. ಅಪರೂಪಕ್ಕೆ ಉಸಿರಾಟಕ್ಕೂ ತೊಂದರೆ ಆಗಬಹುದು, ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಪಿಪಿಡಿ ಅಲರ್ಜಿ ಇದ್ದವರಿಗೆ ಬೆಂಜೊಕೇನ್‌ನಂಥ ಅರಿವಳಿಕೆ ಮುಲಾಮು, ಕೆಲವು ಬಟ್ಟೆ ಬಣ್ಣಗಳು ಕೂಡ ಆಗಿಬರದೇ ಇರಬಹುದು. ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2006ರಲ್ಲಿ ಪಿಪಿಡಿಯನ್ನ 'ವರ್ಷದ ಅಲರ್ಜಿಕಾರಕ' ಅಂತ ಹೆಸರಿಸಿತ್ತು.

ಇನ್ನು 'ಕಪ್ಪು ಮೆಹೆಂದಿ'. ಗೋರಂಟಿ ಗಿಡದ ಎಲೆಯಲ್ಲಿ ಇರೋದು ಲಾಸೋನ್ ಅನ್ನೋ ಬಣ್ಣ. ಅದು ಕೊಡೋದು ಕಿತ್ತಳೆಯಿಂದ ಕೆಂಪು ಮಿಶ್ರಿತ ಕಂದುವರೆಗೆ, ಅದೂ ಗಂಟೆಗಟ್ಟಲೆ ಕೂತರೆ. ಬರೀ ಗೋರಂಟಿಯಿಂದ ಅಚ್ಚ ಕಪ್ಪು ಬರೋದಿಲ್ಲ. ನೀಲಿ ಗಿಡದ ಎಲೆಪುಡಿ ಸೇರಿಸಿ ಕಪ್ಪು ತರೋ ಪದ್ಧತಿ ಇದೆ, ಆದರೆ ಅದಕ್ಕೆ ಸಮಯ ಬೇಕು. ಅರ್ಧ ಗಂಟೆಯಲ್ಲಿ ಕಾಡಿಗೆಯಂಥ ಕಪ್ಪು ಬಂತು ಅಂದ್ರೆ ಅನುಮಾನ ಪಡಲೇಬೇಕು. ಜಾತ್ರೆಯಲ್ಲಿ, ಬೀಚಿನಲ್ಲಿ ಮಕ್ಕಳ ಕೈಗೆ ಹಾಕುವ 'ಬ್ಲ್ಯಾಕ್ ಹೆನ್ನಾ' ಟ್ಯಾಟೂ ಇನ್ನೂ ಅಪಾಯ. ಪಿಪಿಡಿಯನ್ನ ನೇರ ಚರ್ಮಕ್ಕೆ ಹಚ್ಚಿ ಗಂಟೆಗಟ್ಟಲೆ ಬಿಡ್ತಾರೆ. ಎಂಟು ವರ್ಷದ ಹುಡುಗಿಗೆ ಆಗ ಅಂಟಿದ ಅಲರ್ಜಿ, ಅವಳು ನಲವತ್ತಕ್ಕೆ ಡೈ ಹಚ್ಚಿದಾಗ ಎದ್ದು ಕೂರಬಹುದು.

ಪ್ಯಾಕೆಟ್ ಮೇಲಿನ ಆ ಸಾಲು ಎಲ್ಲಿಂದ ಬಂತು?

ಅಮ್ಮನ ಪ್ಯಾಕೆಟ್ ಮೇಲಿದ್ದ ಎಚ್ಚರಿಕೆಯ ಸಾರ ಇಷ್ಟು: ಇದರಿಂದ ಕೆಲವರಿಗೆ ಚರ್ಮದ ಉರಿ ಆಗಬಹುದು, ಮೊದಲು ಪರೀಕ್ಷೆ ಮಾಡಿ, ರೆಪ್ಪೆಗೂದಲಿಗೆ, ಹುಬ್ಬಿಗೆ ಹಚ್ಚಬೇಡಿ, ಕುರುಡುತನ ಬರಬಹುದು. ತಲೆಗೆ ಹಚ್ಚೋ ಡೈ ಮೇಲೆ ಹುಬ್ಬಿನ ಮಾತು ಯಾಕೆ?

ಇದರ ಹಿಂದೆ ಒಬ್ಬ ಹೆಂಗಸಿನ ಕಣ್ಣಿನ ಕತೆಯಿದೆ. 1933ರ ಸುಮಾರಿಗೆ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಅನ್ನೋ ರೆಪ್ಪೆ ಬಣ್ಣ ಮಾರಾಟದಲ್ಲಿತ್ತು. ಅದರಲ್ಲಿ ಇದ್ದದ್ದು ಇದೇ ಪಿಪಿಡಿ. ಬಳಸಿದ ಹಲವರಿಗೆ ಕಣ್ಣಿನ ಗಾಯಗಳಾದವು, ಒಬ್ಬಾಕೆ ಕುರುಡಿಯಾದಳು, ಒಂದು ಸಾವೂ ಆಯಿತು. ಆದರೆ ಅದನ್ನ ಅಂಗಡಿಯಿಂದ ತೆಗೆಸೋ ಅಧಿಕಾರ ಸರ್ಕಾರಕ್ಕೆ ಇರಲಿಲ್ಲ. ಆಗ ಇದ್ದ 1906ರ ಕಾನೂನು ಆಹಾರ, ಔಷಧಿಗೆ ಮಾತ್ರ. ಸೌಂದರ್ಯವರ್ಧಕ ಅದರ ವ್ಯಾಪ್ತಿಗೇ ಬರ್ತಿರಲಿಲ್ಲ. ಆ ಹೆಂಗಸಿನ ಮುಂಚಿನ ಮತ್ತು ನಂತರದ ಫೋಟೋಗಳನ್ನ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದ್ರೆ ಎಫ್‌ಡಿಎ, ಪ್ರದರ್ಶನಕ್ಕೆ ಇಟ್ಟಿತು. ಪತ್ರಕರ್ತರು ಆ ಪ್ರದರ್ಶನಕ್ಕೆ 'ಭೀಕರ ಕೋಣೆ' ಅಂತ ಹೆಸರಿಟ್ಟರು. ಮಹಿಳಾ ಸಂಘಟನೆಗಳು ಒತ್ತಡ ಹಾಕಿದವು. 1938ರಲ್ಲಿ ಹೊಸ ಕಾನೂನು ಬಂತು.

ವಿಚಿತ್ರ ನೋಡಿ: ಪಿಪಿಡಿಯಿಂದ ಆದ ಅನಾಹುತ ಹುಟ್ಟಿಸಿದ ಆ ಕಾನೂನೇ, ತಲೆಗೆ ಹಚ್ಚೋ ಕೋಲ್ ಟಾರ್ ಡೈಗೆ ವಿನಾಯಿತಿ ಕೊಟ್ಟಿತು. ಷರತ್ತು ಒಂದೇ: ಎಚ್ಚರಿಕೆಯ ಸಾಲು ಅಚ್ಚು ಹಾಕಿ, ಪರೀಕ್ಷೆ ಮಾಡೋ ವಿಧಾನ ಬರೆಯಿರಿ. ಅಷ್ಟು ಮಾಡಿದರೆ ಮಾರಬಹುದು. ಅಂದ್ರೆ ಸುರಕ್ಷತೆಯ ಹೊಣೆಯನ್ನ ಕಂಪನಿಯ ಹೆಗಲಿಂದ ಇಳಿಸಿ ಗ್ರಾಹಕಿಯ ಹೆಗಲಿಗೆ ಹಾಕಿದರು. ಹೆಚ್ಚುಕಡಿಮೆ ಅದೇ ಒಕ್ಕಣೆ ನಮ್ಮ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಿಗೂ ಬಂತು, ಅಲ್ಲಿಂದ 2020ರ ಸೌಂದರ್ಯವರ್ಧಕ ನಿಯಮಗಳಿಗೂ ಬಂತು.

ಆದರೆ ನಮ್ಮ ನಿಯಮದಲ್ಲಿ ಇನ್ನೊಂದು ಮಾತು ಸೇರಿದೆ. ಈ ಎಚ್ಚರಿಕೆ 'ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ' ಇರಬೇಕು, ಒಳಗಿನ ಲೇಬಲ್ ಮೇಲೂ ಹೊರಗಿನ ಲೇಬಲ್ ಮೇಲೂ ಇರಬೇಕು ಅಂತ. ಪರೀಕ್ಷೆ ಮಾಡೋ ವಿಧಾನವೂ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು.

ದಾವಣಗೆರೆಯ ಸ್ಥಳೀಯ ಭಾಷೆ ಯಾವುದು ಅಂತ ಯಾರಾದರೂ ಕಂಪನಿಗಳಿಗೆ ಹೇಳಬೇಕಾ?

ಕನ್ನಡದ ಬೋರ್ಡಿಗೆ ನಾವು ಬೀದಿಗಿಳಿಯುತ್ತೇವೆ. ಸರಿ, ಇಳಿಯಲೇಬೇಕು. ಆದರೆ ಅಂಗಡಿಯ ಬೋರ್ಡು ಓದೋಕೆ ಬರದಿದ್ರೆ ಯಾರ ಮುಖವೂ ಊದಿಕೊಳ್ಳೋದಿಲ್ಲ. ಹೇರ್ ಡೈ ಪ್ಯಾಕೆಟ್ ಓದೋಕೆ ಬರದಿದ್ರೆ ಊದಿಕೊಳ್ಳುತ್ತೆ. ಎಚ್ಚರಿಕೆ ಕೊಟ್ಟಿದ್ದೇವೆ, ಹೊಣೆ ನಿಮ್ಮದು ಅನ್ನೋ ಕಾನೂನಿನಲ್ಲಿ, ಎಚ್ಚರಿಕೆ ಅರ್ಥವೇ ಆಗದ ಭಾಷೆಯಲ್ಲಿದ್ದರೆ ಅದು ಎಚ್ಚರಿಕೆ ಹೇಗಾಗುತ್ತೆ? ಭಾಷೆಯ ಪ್ರಶ್ನೆ ಅನ್ನೋದು ಅಸ್ಮಿತೆಯ ಪ್ರಶ್ನೆ ಮಾತ್ರ ಅಲ್ಲ, ಚರ್ಮದ ಪ್ರಶ್ನೆಯೂ ಹೌದು ಅಂತ ನನಗೆ ಅರ್ಥ ಆಗಿದ್ದು ಆ ಪ್ಯಾಕೆಟ್ ನೋಡಿದ ಮೇಲೆ.

ಗೋಬಿಯ ಬಣ್ಣ, ಕೋರ್ಟಿನ ಕತೆ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಸೋದನ್ನ ನಿಷೇಧಿಸಿದ್ದು ನೆನಪಿರಬೇಕು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಟ್ಟ ಲೆಕ್ಕ: ಪರೀಕ್ಷಿಸಿದ ಗೋಬಿ ಮಂಚೂರಿಯ 171 ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ, ಕಾಟನ್ ಕ್ಯಾಂಡಿಯ 25ರಲ್ಲಿ 15 ಅಸುರಕ್ಷಿತ. ಆಗ ಎಲ್ಲರ ಬಾಯಲ್ಲೂ ಓಡಾಡಿದ ಹೆಸರು ರೋಡಮೀನ್-ಬಿ. ಬಟ್ಟೆಗೆ ಹಾಕುವ ಗುಲಾಬಿ ಬಣ್ಣ. ಮೀಮ್ ಮೇಲೆ ಮೀಮ್ ಬಂತು.

ಇದೇ ರೋಡಮೀನ್-ಬಿ ಅಮೆರಿಕದಲ್ಲಿ 'ಡಿ ಅಂಡ್ ಸಿ ರೆಡ್ ನಂಬರ್ 19' ಅನ್ನೋ ಹೆಸರಿನಲ್ಲಿ ದಶಕಗಳ ಕಾಲ ಕಾಸ್ಮೆಟಿಕ್ಸ್‌ನಲ್ಲಿ ಇತ್ತು. ಅದನ್ನ ತೆಗೆಸಿದ ಕತೆ ನಮ್ಮಂಥವರು ಓದಲೇಬೇಕಾದದ್ದು.

1960ರಲ್ಲಿ ಅಲ್ಲಿ ಬಣ್ಣಗಳ ಕಾನೂನಿಗೆ ತಿದ್ದುಪಡಿ ಬಂತು. ಅದರಲ್ಲಿ ಜೇಮ್ಸ್ ಡಿಲೇನಿ ಅನ್ನೋ ಸಂಸದನ ಹೆಸರಿನಿಂದ ಕರೆಯೋ ಒಂದು ಕಲಮು ಇತ್ತು: ಮನುಷ್ಯರಲ್ಲಾಗಲೀ ಪ್ರಾಣಿಗಳಲ್ಲಾಗಲೀ ಕ್ಯಾನ್ಸರ್ ತರುತ್ತೆ ಅಂತ ಕಂಡುಬಂದ ಬಣ್ಣಕ್ಕೆ ಅನುಮತಿ ಕೊಡುವಂತಿಲ್ಲ. 'ಎಷ್ಟು ಪ್ರಮಾಣ' ಅನ್ನೋ ಮಾತೇ ಅದರಲ್ಲಿ ಇಲ್ಲ. ರೆಡ್ 19 ಮತ್ತು ಆರೆಂಜ್ 17 ಅನ್ನೋ ಎರಡು ಬಣ್ಣ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದವು. ಆದರೂ 1986ರಲ್ಲಿ ಎಫ್‌ಡಿಎ ಅವನ್ನ ಮೈಮೇಲೆ ಹಚ್ಚೋ ವಸ್ತುಗಳಲ್ಲಿ ಬಳಸೋಕೆ ಒಪ್ಪಿಗೆ ಕೊಟ್ಟಿತು. ಅದರ ವಾದ: ಜೀವನಪೂರ್ತಿ ಬಳಸಿದರೂ ಕ್ಯಾನ್ಸರ್ ಬರೋ ಸಾಧ್ಯತೆ ರೆಡ್ 19ರಿಂದ 90 ಲಕ್ಷಕ್ಕೆ ಒಂದು, ಆರೆಂಜ್ 17ರಿಂದ 1,900 ಕೋಟಿಗೆ ಒಂದು. ಇಷ್ಟು ಕ್ಷುಲ್ಲಕ ಅಪಾಯವನ್ನ ಕಾನೂನು ಲೆಕ್ಕಕ್ಕೆ ತಗೋಬಾರದು.

ಪಬ್ಲಿಕ್ ಸಿಟಿಜನ್ ಅನ್ನೋ ಗ್ರಾಹಕ ಸಂಘಟನೆ ಕೋರ್ಟಿಗೆ ಹೋಯಿತು. 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಕುತೂಹಲಕರ. ಅಪಾಯ ತೀರಾ ಚಿಕ್ಕದು ಅನ್ನೋದನ್ನ ಕೋರ್ಟು ಅಲ್ಲಗಳೆಯಲಿಲ್ಲ. ಆದರೆ ಶಾಸನ ಮಾಡಿದವರು ವಿನಾಯಿತಿ ಇಟ್ಟಿಲ್ಲ, ಅಧಿಕಾರಿಗಳು ತಾವಾಗಿ ವಿನಾಯಿತಿ ಹುಟ್ಟಿಸಿಕೊಳ್ಳೋ ಹಾಗಿಲ್ಲ ಅಂತು. ಮರುವರ್ಷ ಎರಡೂ ಬಣ್ಣ ಪಟ್ಟಿಯಿಂದ ಹೊರಬಿದ್ದವು.

ವಿಜ್ಞಾನಿಗಳಲ್ಲಿ ಹಲವರಿಗೆ ಈ ತೀರ್ಪು ಅತಿ ಅನಿಸುತ್ತೆ. 1,900 ಕೋಟಿಗೆ ಒಂದು ಅಂದ್ರೆ ಭೂಮಿಯ ಜನಸಂಖ್ಯೆಗಿಂತ ದೊಡ್ಡ ಸಂಖ್ಯೆ, ನಿಜ. ಆದರೆ ನನಗೆ ಮುಖ್ಯ ಅನಿಸೋದು ಬೇರೆ. 'ಇಷ್ಟು ಅಪಾಯ ಪರವಾಗಿಲ್ಲ' ಅಂತ ಹೇಳೋ ಅಧಿಕಾರ ಯಾರದು? ಮುಚ್ಚಿದ ಕೋಣೆಯಲ್ಲಿ ಕೂತ ಅಧಿಕಾರಿಯದಾ, ಕಂಪನಿಯದಾ, ಅಥವಾ ಎಲ್ಲರ ಎದುರು ಚರ್ಚೆ ಮಾಡಿ ಕಾನೂನು ಮಾಡೋ ಜನಪ್ರತಿನಿಧಿಗಳದಾ? ಆ ತೀರ್ಪು ಉತ್ತರಿಸಿದ್ದು ಈ ಪ್ರಶ್ನೆಗೆ.

ಅದೇ ಕಲಮು ಇನ್ನೊಂದು ತಮಾಷೆಗೂ ಕಾರಣ ಆಯಿತು. ರೆಡ್ ನಂಬರ್ 3, ಅಂದ್ರೆ ಎರಿತ್ರೋಸಿನ್, ಗಂಡು ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ತಂದಿದ್ದಕ್ಕೆ 1990ರಲ್ಲಿ ಅದನ್ನ ಕಾಸ್ಮೆಟಿಕ್ಸ್‌ನಿಂದ ತೆಗೆದರು. ಆಹಾರದಲ್ಲಿ ಮಾತ್ರ ಹಾಗೇ ಬಿಟ್ಟರು. ಕೊನೆಗೆ ಆಹಾರಕ್ಕೂ ಬೇಡ ಅಂದಿದ್ದು 2025ರ ಜನವರಿಯಲ್ಲಿ. ಅಂದ್ರೆ 35 ವರ್ಷ ತುಟಿಗೆ ಹಚ್ಚೋಕೆ ಬೇಡವಾದ ಬಣ್ಣ ಮಕ್ಕಳ ಮಿಠಾಯಿಯಲ್ಲಿತ್ತು. ಇಲಿಯಲ್ಲಿ ಗಡ್ಡೆ ಆಗೋ ಬಗೆ ಮನುಷ್ಯರಲ್ಲಿ ನಡೆಯೋದಿಲ್ಲ ಅಂತ ಎಫ್‌ಡಿಎ ಆಗಲೂ ಹೇಳಿತು, ಕಾನೂನು ಹೇಳಿದ್ದಕ್ಕೆ ತೆಗೆದೆವು ಅಂತು. ವಿಜ್ಞಾನ ಒಂದು ದಾರಿ, ಕಾನೂನು ಒಂದು ದಾರಿ, ವ್ಯಾಪಾರ ಮೂರನೇ ದಾರಿ.

ನಮ್ಮಲ್ಲಿ ಏನಿದೆ?

ನಮ್ಮಲ್ಲಿ ಕಾನೂನು ಇಲ್ಲ ಅನ್ನೋದು ತಪ್ಪು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಇದೆ. ಯಾವ ಬಣ್ಣ ಬಳಸಬಹುದು ಅನ್ನೋ ಪಟ್ಟಿಯನ್ನ ಭಾರತೀಯ ಮಾನಕ ಸಂಸ್ಥೆ ಐಎಸ್ 4707 ಅನ್ನೋ ಮಾನದಂಡದಲ್ಲಿ ಕೊಟ್ಟಿದೆ. ಪಟ್ಟಿಯಲ್ಲಿ ಇಲ್ಲದ ಬಣ್ಣ ಹಾಕೋ ಹಾಗಿಲ್ಲ. ಅನುಮತಿ ಇರೋ ಬಣ್ಣದಲ್ಲೂ ಸೀಸ 20 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 20 ಭಾಗ ಮೀರಬಾರದು. ಆರ್ಸೆನಿಕ್ 2 ಪಿಪಿಎಂ ಮೀರಬಾರದು. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನ ಬೇಕಂತಲೇ ಹಾಕೋದು ನಿಷಿದ್ಧ. ತಯಾರಿಕೆಗೆ ರಾಜ್ಯದ ಪರವಾನಗಿ ಬೇಕು, ಆಮದಿಗೆ ಕೇಂದ್ರದ ನೋಂದಣಿ ಬೇಕು.

ಕಾನೂನು ಪರವಾನಗಿ ಇದ್ದವರನ್ನ ಹಿಡಿಯುತ್ತೆ. ಫುಟ್‌ಪಾತಿನ ಮೇಲೆ ಬ್ರ್ಯಾಂಡಿನ ಹೆಸರು ಒಂದಕ್ಷರ ಬದಲಿಸಿ 60 ರೂಪಾಯಿಗೆ ಮಾರೋ ಲಿಪ್‌ಸ್ಟಿಕ್ಕನ್ನ, ಜಾತ್ರೆಯಲ್ಲಿ ರಾಶಿ ಹಾಕಿ ಸೇರಿನಲ್ಲಿ ಅಳೆಯೋ ಕುಂಕುಮವನ್ನ ಯಾರು ಪರೀಕ್ಷೆ ಮಾಡ್ತಾರೆ? ದುಡ್ಡಿದ್ದವರು ಲೇಬಲ್ ಓದಿ ಕೊಳ್ತಾರೆ. ದುಡ್ಡಿಲ್ಲದವರಿಗೆ ಸಿಗೋದು ಲೇಬಲ್ಲೇ ಇಲ್ಲದ ವಸ್ತು.

ಕುಂಕುಮದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಳೇ ಪದ್ಧತಿಯಲ್ಲಿ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಕುಂಕುಮ ಮಾಡ್ತಿದ್ರು. ಕ್ಷಾರ ತಾಗಿದರೆ ಅರಿಶಿನದ ಬಣ್ಣ ಕೆಂಪಾಗುತ್ತೆ. ಅಂಗಡಿ ಕುಂಕುಮಕ್ಕೆ ಕೃತಕ ಬಣ್ಣ ಸೇರಿಸೋದು ಸಾಮಾನ್ಯ. ಪುದುಚೇರಿಯ ಜಿಪ್ಮರ್ ವೈದ್ಯರು 2007ರಲ್ಲಿ ಕುಂಕುಮದಿಂದ ಹಣೆಯ ಚರ್ಮ ಕೆಟ್ಟ 46 ಮಂದಿಯ ಬಗ್ಗೆ ವರದಿ ಪ್ರಕಟಿಸಿದ್ದರು. ಹಣೆಯಲ್ಲಿ ಮೊದಲು ತುರಿಕೆ, ಆಮೇಲೆ ಕಪ್ಪು ಕಲೆ. ಕೆಲವು ಬಣ್ಣಗಳು ಹೀಗೇ ಕೆಲಸ ಮಾಡ್ತವೆ. 1970ರ ದಶಕದಲ್ಲಿ ಜಪಾನಿನ ಹೆಂಗಸರ ಮುಖದಲ್ಲಿ ಕಂದು ಕಲೆಗಳು ಕಾಣಿಸಿದಾಗ, ಅಲ್ಲಿನ ವೈದ್ಯರು ಅದರ ಜಾಡು ಹಿಡಿದು ಹೋಗಿ ಮುಟ್ಟಿದ್ದು ಕಾಸ್ಮೆಟಿಕ್ಸ್‌ನ ಒಂದು ಕೆಂಪು ಬಣ್ಣದೊಳಗೆ ಕಲ್ಮಶವಾಗಿ ಸೇರಿದ್ದ ಸುಡಾನ್-1 ಅನ್ನೋ ಬಣ್ಣವನ್ನ. ತಪ್ಪು ಬಣ್ಣದ ಹೆಸರಿನಲ್ಲಿ ಇರಲಿಲ್ಲ, ಶುದ್ಧತೆಯಲ್ಲಿ ಇತ್ತು.

ಉತ್ತರದ ಸಿಂಧೂರದ ಮೇಲೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯ 2017ರಲ್ಲಿ ಅಧ್ಯಯನ ಪ್ರಕಟಿಸಿತು. ನ್ಯೂಜೆರ್ಸಿಯ ಅಂಗಡಿಗಳಿಂದ 95, ಮುಂಬೈ ಮತ್ತು ದೆಹಲಿಯಿಂದ 23 ಸ್ಯಾಂಪಲ್. ಅವುಗಳಲ್ಲಿ 79 ಮತ್ತು 18ರಲ್ಲಿ ಸೀಸ ಸಿಕ್ಕಿತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತೆ, ಅದಕ್ಕೆ ಸುರಕ್ಷಿತ ಮಟ್ಟ ಅನ್ನೋದೇ ಗೊತ್ತಿಲ್ಲ. ಅಮ್ಮನ ಬೈತಲೆಯ ಪುಡಿ ಕೂಸಿನ ಕೈಗೆ, ಕೈಯಿಂದ ಬಾಯಿಗೆ.

'ನ್ಯಾಚುರಲ್ ತಗೋತೀನಿ ಬಿಡಿ' ಅನ್ನೋರಿಗೆ

ಇದು ಸುಲಭದ ದಾರಿ, ಮಾರುಕಟ್ಟೆಗೂ ಇದೇ ಬೇಕು. ಸೀಸ ನೈಸರ್ಗಿಕ. ಪಾದರಸವೂ ನೈಸರ್ಗಿಕ, ಹಳೇ ಕಾಲದ ಇಂಗಲೀಕ ಪಾದರಸ ಮತ್ತು ಗಂಧಕದ ಸಂಯುಕ್ತ. ಲಿಪ್‌ಸ್ಟಿಕ್‌ನ 'ನೈಸರ್ಗಿಕ' ಕೆಂಪು ಕಾರ್ಮೈನ್ ಬರೋದು ಕಳ್ಳಿಯ ಮೇಲೆ ಬದುಕೋ ಒಂದು ಹುಳುವಿನಿಂದ. ಅದಕ್ಕೂ ಕೆಲವರಿಗೆ ಜೋರು ಅಲರ್ಜಿ ಇದೆ. ಸಸ್ಯಾಹಾರಿಗಳಿಗೆ ಅದು ಬೇರೆಯದೇ ಪ್ರಶ್ನೆ.

ನಮ್ಮಮ್ಮ ಮೋಸ ಹೋಗಿದ್ದೂ ಎಲೆಯ ಚಿತ್ರಕ್ಕೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಕೃತಕವಾ ಸಹಜವಾ ಅನ್ನೋದಲ್ಲ. ಯಾವ ಬಣ್ಣ, ಎಷ್ಟು ಶುದ್ಧ, ಮೈಯ ಯಾವ ಭಾಗಕ್ಕೆ, ಎಷ್ಟು ಸಲ. ಈ ನಾಲ್ಕಕ್ಕೆ ಉತ್ತರ ಇಲ್ಲದೆ ಸುರಕ್ಷಿತ ಅನ್ನೋದೂ ತಪ್ಪು, ವಿಷ ಅನ್ನೋದೂ ತಪ್ಪು.

ಒಂದು ಉದಾಹರಣೆ. ಲಿಪ್‌ಸ್ಟಿಕ್‌ನಲ್ಲಿ ಸೀಸ ಅನ್ನೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತೆ. ಎಫ್‌ಡಿಎ 400 ಲಿಪ್‌ಸ್ಟಿಕ್ ಪರೀಕ್ಷಿಸಿದಾಗ ಸಿಕ್ಕ ಸರಾಸರಿ 1.11 ಪಿಪಿಎಂ, ಅತಿ ಹೆಚ್ಚು ಅಂದ್ರೆ 7.19. ಸೀಸ ಇದ್ದದ್ದು ನಿಜ. ಆದರೆ ಬಣ್ಣದ ಕಚ್ಚಾವಸ್ತುವಿನ ಜೊತೆ ಬಂದ ಅಲ್ಪ ಅಂಶ. ಉಂಗುರ ಉಜ್ಜಿ ನೋಡಿ, ಕಪ್ಪಾದರೆ ಸೀಸ ಇದೆ ಅನ್ನೋ 'ಪರೀಕ್ಷೆ' ಶುದ್ಧ ಸುಳ್ಳು.

ಕೈಗವಸು ಇಲ್ಲದ ಕೈಗಳು

ಅಮ್ಮ ತಿಂಗಳಿಗೊಂದು ಸಲ ಡೈ ಹಚ್ತಿದ್ರು. ದಿನಕ್ಕೆ ಹತ್ತು ತಲೆಗೆ ಹಚ್ಚೋರ ಕತೆ ಏನು?

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇರ್ ಡೈ ಬಗ್ಗೆ ಎರಡು ಬೇರೆ ಬೇರೆ ಮಾತು ಹೇಳಿದೆ. ಮನೆಯಲ್ಲಿ ತಮಗೆ ತಾವೇ ಹಚ್ಚಿಕೊಳ್ಳೋದು ಕ್ಯಾನ್ಸರ್ ತರುತ್ತಾ ಇಲ್ವಾ ಅನ್ನೋದನ್ನ ಸಿಕ್ಕಿರೋ ಪುರಾವೆಯಿಂದ ವರ್ಗೀಕರಿಸೋಕೆ ಆಗಲ್ಲ. ಆದರೆ ಕ್ಷೌರಿಕ, ಕೇಶ ವಿನ್ಯಾಸಕರಾಗಿ ವೃತ್ತಿಯಲ್ಲಿ ಇದಕ್ಕೆ ಒಡ್ಡಿಕೊಳ್ಳೋದು 'ಬಹುಶಃ ಕ್ಯಾನ್ಸರ್‌ಕಾರಕ', ಅಂದ್ರೆ 2ಎ ಗುಂಪು. ಪುರಾವೆ ಮುಖ್ಯವಾಗಿ ಮೂತ್ರಕೋಶದ ಕ್ಯಾನ್ಸರಿನದು. ಇದರ ಬಹುಪಾಲು ಹಳೇ ಡೈಗಳ ಕಾಲದ ಪುರಾವೆ ಅನ್ನೋದನ್ನೂ ಹೇಳಬೇಕು. ಆದರೆ ಅಲರ್ಜಿ, ಕೈ ಬಿರುಕು, ಆಸ್ತಮಾ ಇವತ್ತಿನದೇ.

ನಾನು ಹೋಗೋ ಪಾರ್ಲರಿನ ಅಕ್ಕನ ಬೆರಳ ತುದಿಗಳು ಸದಾ ಕಂದು. ಗ್ಲೌಸ್ ಯಾಕೆ ಹಾಕಲ್ಲ ಅಕ್ಕ ಅಂದ್ರೆ, 'ಓನರ್ ಒಂದು ಡಬ್ಬಿ ತರ್ತಾರೆ, ಅದು ತಿಂಗಳಿಗೇ ಸಾಲಲ್ಲ. ಒಂದೇ ಜೊತೆ ತೊಳೆದು ತೊಳೆದು ಹಾಕೋದು, ಹರಿದುಹೋಗುತ್ತೆ' ಅಂದ್ರು. ಮಣಿಪುರ, ಅಸ್ಸಾಂನಿಂದ ಬಂದು ಬೆಂಗಳೂರಿನ ಸಲೂನುಗಳಲ್ಲಿ ದುಡಿಯೋ ಹುಡುಗಿಯರು, ಊರೂರಲ್ಲಿ ತಲೆಮಾರುಗಳಿಂದ ಈ ವೃತ್ತಿ ಮಾಡಿಕೊಂಡು ಬಂದ ಸವಿತಾ ಸಮಾಜದವರು, ಇವರ ಆರೋಗ್ಯವನ್ನ ನಾವು ಸೌಂದರ್ಯದ ಚರ್ಚೆಯೊಳಗೆ ಎಂದಾದರೂ ತಂದಿದ್ದೇವಾ? ಬಣ್ಣದ ಸುರಕ್ಷತೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಕೊಳ್ಳುವವರ ಮುಖ. ಹಚ್ಚುವವರ ಕೈ ಬರೋದೇ ಇಲ್ಲ.

ನಾವು ಮಾಡಬಹುದಾದ್ದು, ಕೇಳಬೇಕಾದ್ದು

ಮೊದಲು ಮನೆಮಟ್ಟದ್ದು. ಲೇಬಲ್ ಮೇಲೆ 'ಸಿಐ' ಅಂತ ಶುರುವಾಗೋ ಐದಂಕಿ ಸಂಖ್ಯೆ ಇದ್ದರೆ ಅದು ಬಣ್ಣದ ಗುರುತು. 77ರಿಂದ ಶುರುವಾದರೆ ಖನಿಜ ಬಣ್ಣ: 77891 ಟೈಟಾನಿಯಂ ಡೈಆಕ್ಸೈಡ್, 77491 ಕೆಂಪು ಐರನ್ ಆಕ್ಸೈಡ್. 75ರಿಂದ ಶುರುವಾದರೆ ಸಸ್ಯ ಅಥವಾ ಪ್ರಾಣಿ ಮೂಲದ್ದು: 75470 ಕಾರ್ಮೈನ್. ಉಳಿದವು ಹೆಚ್ಚಾಗಿ ಕೃತಕ: 15850 ಲಿಪ್‌ಸ್ಟಿಕ್‌ನ ಸಾಮಾನ್ಯ ಕೆಂಪು, 19140 ಟಾರ್ಟ್ರಜೀನ್. 45170 ಕಂಡರೆ ಮಾತ್ರ ವಾಪಸ್ ಇಡಿ, ಅದು ರೋಡಮೀನ್-ಬಿ. ಐರೋಪ್ಯ ಒಕ್ಕೂಟದಲ್ಲಿ ಕಾಸ್ಮೆಟಿಕ್ಸ್‌ಗೆ ಅದು ನಿಷಿದ್ಧ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಪರವಾನಗಿ ನಂಬರ್ ಇಲ್ಲದ್ದನ್ನ ಎಷ್ಟೇ ಅಗ್ಗ ಇದ್ದರೂ ಕೊಳ್ಳಬೇಡಿ.

ಡೈ ಹಚ್ಚೋದಾದರೆ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ ಕಾಯಿರಿ. ನಿಯಮ 24 ಗಂಟೆ ಅನ್ನುತ್ತೆ. ಅಲರ್ಜಿ ಕಾಣಿಸೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು, ಹಾಗಾಗಿ 48 ಗಂಟೆ ಕಾಯೋದು ವಾಸಿ. ಪ್ರತಿ ಸಲವೂ ಮಾಡಬೇಕು. ಒಮ್ಮೆ ರಿಯಾಕ್ಷನ್ ಆದವರು ಮತ್ತೆ ಪರೀಕ್ಷೆಯನ್ನೂ ಮಾಡೋದು ಬೇಡ, ಆ ಡೈಯನ್ನೇ ಬಿಟ್ಟುಬಿಡಿ. ಡಾಕ್ಟರ ಹತ್ತಿರ ಹೋಗುವಾಗ ಪ್ಯಾಕೆಟ್ ಒಯ್ಯಿರಿ. ದೂರು ಕೊಡೋದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನೂ 1938ರ ಆ ಕಾನೂನಿನ ಹಾಗೆ ಹೊಣೆಯನ್ನೆಲ್ಲ ನಿಮ್ಮ ಹೆಗಲಿಗೆ ಹಾಕಿದ ಹಾಗಾಗುತ್ತೆ. ಸರ್ಕಾರಕ್ಕೆ ಕೇಳೋದಿದೆ. ಗೋಬಿಗೆ ಮಾಡಿದ್ದನ್ನ ಕುಂಕುಮಕ್ಕೆ, ಲಿಪ್‌ಸ್ಟಿಕ್ಕಿಗೆ, ಕಪ್ಪು ಮೆಹೆಂದಿಗೆ ಮಾಡಿ: ಅಂಗಡಿಗಳಿಂದ, ಜಾತ್ರೆಗಳಿಂದ ಸ್ಯಾಂಪಲ್ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನ ಬಹಿರಂಗಪಡಿಸಿ. ಕರ್ನಾಟಕದಲ್ಲಿ ಮಾರುವ ಪ್ರತಿ ಹೇರ್ ಡೈ ಮೇಲೆ ಕನ್ನಡದ ಎಚ್ಚರಿಕೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ಈಗ ಇರೋ ನಿಯಮವನ್ನ ಪಾಲಿಸಿದರೆ ಸಾಕು, ಹೊಸ ಕಾನೂನೇನೂ ಬೇಡ. ಸಲೂನಿನ ಕೆಲಸಗಾರರಿಗೆ ಗ್ಲೌಸ್ ಮತ್ತು ಗಾಳಿಯಾಡುವ ಜಾಗ ಮಾಲೀಕರ ದಯೆಯಾಗಬಾರದು, ನಿಯಮ ಆಗಬೇಕು. ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಕಾಸ್ಮೆಟಿಕ್ಸ್ ಸ್ಯಾಂಪಲ್ ತೆಗೆದರು, ಎಷ್ಟು ಫೇಲಾದವು ಅಂತ ಔಷಧ ನಿಯಂತ್ರಣ ಅಧಿಕಾರಿಗಳನ್ನ ಕೇಳಿ. ನಾನು ದಾವಣಗೆರೆಗೆ ಹಾಕಿದ್ದೀನಿ.

ಅಮ್ಮ ಈಗ ಡೈ ಬಿಟ್ಟಿದ್ದಾರೆ. ಸ್ವಂತ ಇಷ್ಟದಿಂದ ಅಲ್ಲ, ಬೇರೆ ದಾರಿ ಇಲ್ಲದೆ. ಮೊದಲ ತಿಂಗಳು ಸೆರಗು ತಲೆ ಮೇಲೆ ಎಳ್ಕೊಂಡೇ ಓಡಾಡ್ತಿದ್ರು. 'ಬಿಳಿ ಕೂದಲು ಇಟ್ಕೊಂಡು ಫಂಕ್ಷನ್‌ಗೆ ಹೋದ್ರೆ, ಏನ್ ಹುಷಾರಿಲ್ವಾ ಅಂತ ಕೇಳ್ತಾರೆ ಕಣೆ. ನಿಮ್ಮಪ್ಪನಿಗೆ ಯಾರೂ ಕೇಳಲ್ಲ' ಅಂದ್ರು. ಅಪ್ಪನ ತಲೆ ಹತ್ತು ವರ್ಷದಿಂದ ಪೂರ್ತಿ ಬಿಳಿ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮನ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಪುಡಿಯನ್ನ ಕೇಳಿಕೊಂಡು ಪಕ್ಕದ ಮನೆಯ ಆಂಟಿ ಬಂದಿದ್ದರಂತೆ, 'ಸುಮ್ನೆ ಯಾಕೆ ಚೆಲ್ತೀರ' ಅಂತ. ಅಮ್ಮ ಕೊಡಲಿಲ್ಲ. ಕೂರಿಸಿಕೊಂಡು, ಆ ಪ್ಯಾಕೆಟ್ ಹಿಂದೆ ಏನು ಬರೆದಿದೆ ಅನ್ನೋದನ್ನ ಕನ್ನಡದಲ್ಲಿ ಹೇಳಿ ಕಳಿಸಿದ್ರಂತೆ.